ಅವ್ವನ ‘ಉಷ್ಣ’ಕ್ಕೊಂದು ಹೆಸರಿದೆ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ, ಸಂತೆಯ ದಿನ ಯಾವುದಾದರೂ ಮೆಡಿಕಲ್ ಶಾಪಿನ ಪಕ್ಕ ಅರ್ಧ ಗಂಟೆ ನಿಂತು ನೋಡಿ. ಅರವತ್ತು ದಾಟಿದ ಹೆಂಗಸೊಬ್ಬರು ಗಂಡಸರ ಗುಂಪು ಕರಗುವತನಕ ಕಟ್ಟೆಯ ಅಂಚಿನಲ್ಲಿ ಕಾಯುತ್ತಿರುತ್ತಾರೆ. ಅಂಗಡಿ ಖಾಲಿಯಾದ ಮೇಲೆ ಮುಂದೆ ಬಂದು, ಸೆರಗಿನ ಗಂಟು ಬಿಚ್ಚುತ್ತ, ದನಿ ತಗ್ಗಿಸಿ ಹೇಳುತ್ತಾರೆ: “ಉಷ್ಣ ಆಗೈತಪ್ಪ, ಒಂದೆರಡು ಗುಳಿಗೆ ಕೊಡು.” ಅಂಗಡಿಯವನಿಗೆ ಅರ್ಥವಾಗುತ್ತದೆ. ಅವನೂ ಹೆಚ್ಚು ಕೇಳುವುದಿಲ್ಲ. ಸ್ಟ್ರಿಪ್ಪಿನಿಂದ ನಾಲ್ಕು ಮಾತ್ರೆ ಕತ್ತರಿಸಿ ಪೊಟ್ಟಣ ಕಟ್ಟುತ್ತಾನೆ. ಎರಡು ದಿನಕ್ಕೆ ಉರಿ ಇಳಿಯುತ್ತದೆ. ಉಳಿದೆರಡು ಮಾತ್ರೆ ಗೋಡೆಯ ಗೂಡು ಸೇರುತ್ತವೆ. ಎರಡು ತಿಂಗಳಿಗೆ ಮತ್ತೆ ಅದೇ ಉರಿ, ಅದೇ ಕಟ್ಟೆ, ಅದೇ ಮಾತು.

ಉಷ್ಣ ಎಂಬುದು ಈ ಸೀಮೆಯಲ್ಲಿ ದೊಡ್ಡ ಪದ. ಬಾಯಿಹುಣ್ಣಾದರೆ ಉಷ್ಣ, ಕಣ್ಣುರಿದರೆ ಉಷ್ಣ, ಬಿಳಿಮುಟ್ಟು ಹೋದರೂ ಉಷ್ಣ, ಉರಿಮೂತ್ರವೂ ಉಷ್ಣವೇ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿನಲ್ಲಿ ಮೊದಲೇ ನಿಲ್ಲುವ ಊರುಗಳಿವು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ಮುಟ್ಟುವ ಬಿಸಿಲನ್ನು ದೂರದೆ ಇನ್ನು ಯಾರನ್ನು ದೂರಬೇಕು? ಆ ಪದದಿಂದ ಇನ್ನೊಂದು ಉಪಕಾರವೂ ಇದೆ. ಮೈಯ ಯಾವ ಭಾಗದ ಮಾತು ಎಂದು ಬಾಯಿಬಿಟ್ಟು ಹೇಳಬೇಕಿಲ್ಲ. ಮಗನೆದುರು, ಮೊಮ್ಮಗನೆದುರು, ಗಂಡಸು ಡಾಕ್ಟರೆದುರು ಆಡಬಹುದಾದ ಮರ್ಯಾದೆಯ ಮಾತು ಅದು. ನನ್ನ ದೂರಿರುವುದು ಆ ಮರ್ಯಾದೆಯ ಮೇಲೆಯೇ. ಉಷ್ಣ ಎಂದಕೂಡಲೇ ಮನೆಯವರೆಲ್ಲ ತಂಪು ಹುಡುಕುತ್ತಾರೆ. ಹಿಂದೆ ಇರುವುದು ಮೂತ್ರದ ಸೋಂಕು ಎಂದು ಯಾರಿಗೂ ಹೊಳೆಯುವುದಿಲ್ಲ. ಅದು ಎಷ್ಟನೇ ಸಲ ಬಂತೆಂದು ಲೆಕ್ಕ ಇಡುವವರಂತೂ ಇಲ್ಲವೇ ಇಲ್ಲ.

ಲೆಕ್ಕ ಇಡಬೇಕು, ಏಕೆಂದರೆ ವೈದ್ಯರ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಆರು ತಿಂಗಳಲ್ಲಿ ಎರಡು ಸಲ, ಇಲ್ಲವೇ ವರ್ಷದಲ್ಲಿ ಮೂರು ಸಲ ಸೋಂಕು ಬಂದರೆ ಅದನ್ನು ‘ಮರುಕಳಿಸುವ ಮೂತ್ರಸೋಂಕು’ ಎನ್ನುತ್ತಾರೆ. ಒಂದು ಸಲದ ಸೋಂಕಿಗೆ ಔಷಧಿ ಸಾಕು. ಮರುಕಳಿಸುವುದಕ್ಕೆ ಕಾರಣ ಹುಡುಕಬೇಕು. ಮೇಲಿನ ಹೆಂಗಸಿಗೆ ಪ್ರತಿಸಲವೂ ಸಿಗುತ್ತಿರುವುದು ಮೊದಲನೆಯದರ ಔಷಧಿ, ಅದೂ ಅರ್ಧ.

ಸೋಂಕು ತರುವ ಜೀವಿ ಹೊರಗಿನಿಂದ ಬಂದದ್ದಲ್ಲ. ೧೮೮೫ರಲ್ಲಿ ಥಿಯೊಡೋರ್ ಎಶೆರಿಕ್ ಎಂಬ ಜರ್ಮನ್-ಆಸ್ಟ್ರಿಯನ್ ಮಕ್ಕಳ ವೈದ್ಯ ಶಿಶುಗಳ ಮಲದಲ್ಲಿ ಕಂಡು ಬಣ್ಣಿಸಿದ ಬ್ಯಾಕ್ಟೀರಿಯಕ್ಕೆ ಮುಂದೆ ಅವನದೇ ಹೆಸರು ಬಂತು: ಎಶೆರಿಕಿಯಾ ಕೋಲೈ, ಎಲ್ಲರ ಬಾಯಲ್ಲಿ ಇ. ಕೋಲೈ. ನಮ್ಮೆಲ್ಲರ ಕರುಳಿನಲ್ಲಿ ಅದು ಸುಮ್ಮನೆ ಬದುಕಿರುತ್ತದೆ. ಮೂತ್ರಸೋಂಕುಗಳಲ್ಲಿ ಮುಕ್ಕಾಲು ಪಾಲಿಗೆ ಕಾರಣ ಅದೇ. ಹೆಂಗಸರಲ್ಲಿ ಮೂತ್ರಕೋಶದಿಂದ ಹೊರಗೆ ಬರುವ ನಾಳದ ಉದ್ದ ಸುಮಾರು ನಾಲ್ಕು ಸೆಂಟಿಮೀಟರು, ಎರಡು ಬೆರಳಿನ ಅಗಲ. ಮಲದ್ವಾರದಿಂದ ಅಲ್ಲಿಗೆ ದೂರವೂ ಹೆಚ್ಚಿಲ್ಲ. ಗಂಡಸರಿಗೆ ದೇವರು ಕೊಟ್ಟ ಉದ್ದದ ದಾರಿ ಹೆಂಗಸರಿಗೆ ಇಲ್ಲ. ಆದ್ದರಿಂದ ಈ ಕಾಯಿಲೆಗೆ ‘ಕೊಳಕು’ ಎಂಬ ಮಾತು ಅಂಟಿಸುವುದು ಅನ್ಯಾಯ. ದಿನಕ್ಕೆ ಎರಡು ಸಲ ಮೀಯುವವರಿಗೂ ಬರುತ್ತದೆ.

ಹಾಗಾದರೆ ಮೂವತ್ತರಲ್ಲಿ ಬಾರದ್ದು ಅರವತ್ತರಲ್ಲಿ ಮೇಲಿಂದ ಮೇಲೆ ಏಕೆ? ಇದನ್ನು ಹೇಳಲು ಹೆಪ್ಪಿಗಿಂತ ಒಳ್ಳೆಯ ಉಪಮೆ ನನಗೆ ಸಿಕ್ಕಿಲ್ಲ. ಮುಟ್ಟಾಗುವ ವಯಸ್ಸಿನ ಹೆಂಗಸಿನ ಯೋನಿಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ಒಳ್ಳೆಯ ಬ್ಯಾಕ್ಟೀರಿಯಗಳು ನೆಲೆಸಿರುತ್ತವೆ. ಹಾಲಿಗೆ ಹೆಪ್ಪು ಬಿದ್ದಂತೆ ಅವು ಅಲ್ಲಿ ಹುಳಿ ಹುಟ್ಟಿಸುತ್ತವೆ. ಒಳ್ಳೆಯ ಹೆಪ್ಪು ಬಿದ್ದ ಗಡಿಗೆಯಲ್ಲಿ ಕೆಡಿಸುವ ಬೇರೇನೂ ಬೆಳೆಯುವುದಿಲ್ಲವಲ್ಲ, ಹಾಗೆಯೇ ಆ ಹುಳಿಯಲ್ಲಿ ಇ. ಕೋಲೈ ತಳವೂರಲು ಕಷ್ಟ. ಈ ಹೆಪ್ಪಿಗೆ ಮೇವು ಸಿಗುವುದು ಈಸ್ಟ್ರೋಜೆನ್ ಎಂಬ ಹಾರ್ಮೋನಿನ ದಯೆಯಿಂದ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ ೪೬–೪೭ರ ವಯಸ್ಸಿಗೆ. ಆಮೇಲೆ ಈಸ್ಟ್ರೋಜೆನ್ ಇಳಿಯುತ್ತದೆ, ಒಳಪದರ ತೆಳುವಾಗುತ್ತದೆ, ಒಣಗುತ್ತದೆ, ಹುಳಿ ಹೋಗುತ್ತದೆ, ಒಳ್ಳೆಯವು ಜಾಗ ಖಾಲಿ ಮಾಡುತ್ತವೆ. ಕರುಳಿನವು ಬಂದು ಕೂರುತ್ತವೆ. ಅಲ್ಲಿಂದ ಮೂತ್ರಕೋಶ ಎರಡು ಬೆರಳು ದೂರ. ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆಸಿಕೊಂಡ ಹೆಂಗಸರಿಗೆ ಈ ಬದಲಾವಣೆ ಹತ್ತು-ಹದಿನೈದು ವರ್ಷ ಮೊದಲೇ ಬಂದುಬಿಡಬಹುದು.

(ಹೆಪ್ಪಿನ ಮಾತು ಕೇಳಿ ಯಾರಾದರೂ ಮೊಸರು ಹಚ್ಚಿಕೊಳ್ಳಲು ಹೊರಟಾರು ಎಂಬ ಭಯವಿದೆ. ಬೇಡ. ಗಡಿಗೆಯ ಹೆಪ್ಪು ಬೇರೆ ಜಾತಿ, ಮೈಯದು ಬೇರೆ ಜಾತಿ. ಮೊಸರು ಅನ್ನಕ್ಕಿರಲಿ.)

ಇಷ್ಟನ್ನು ಅವ್ವಂದಿರಿಗೆ ಯಾರೂ ಹೇಳಿಲ್ಲ. ಈ ಭಾಗದಲ್ಲಿ ಮುಟ್ಟು ನಿಲ್ಲುವುದಕ್ಕೆ ಬೇರೆಯದೇ ಅರ್ಥವಿದೆ. ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹೊರಗಿಡುವ ಪದ್ಧತಿ ಇಂದಿಗೂ ಪೂರ್ತಿ ಅಳಿದಿಲ್ಲ. ಮ್ಯಾಸಬೇಡರಲ್ಲೂ ಸೂತಕದ ಕಟ್ಟುಪಾಡು ಬಿಗಿ. ಇಂಥ ಕಡೆ ಮುಟ್ಟು ನಿಂತಿತೆಂದರೆ ಹೆಂಗಸಿಗೆ ಅದೊಂದು ಬಿಡುಗಡೆ. ಇನ್ನು ತಿಂಗಳಿಗೊಮ್ಮೆ ಹಟ್ಟಿಯಾಚೆ ಕೂರಬೇಕಿಲ್ಲ, ಗುಡಿಯ ಕೆಲಸಕ್ಕೆ ಅಡ್ಡಿಯಿಲ್ಲ, ಮಾತಿಗೆ ತೂಕ ಬರುತ್ತದೆ. “ಅದೆಲ್ಲ ಮುಗೀತಲ್ಲ ಬುಡವ್ವ” ಎಂಬ ಮಾತಿನಲ್ಲಿ ನಿರಾಳವೂ ಇದೆ, ಬಾಗಿಲು ಹಾಕಿದ ಸದ್ದೂ ಇದೆ. ಸೊಂಟದ ಕೆಳಗಿನ ಸಂಗತಿಗಳೆಲ್ಲ ಅಲ್ಲಿಗೆ ಮುಗಿದವು ಎಂಬ ನಂಬಿಕೆ. ಹೊಸ ತೊಂದರೆ ಅಲ್ಲಿಂದಲೇ ಮೊದಲಾಗುತ್ತದೆ ಎಂದರೆ ಯಾರು ಒಪ್ಪುತ್ತಾರೆ? ಆರೋಗ್ಯ ಇಲಾಖೆಯ ಲಕ್ಷ್ಯವೂ ಬಹುಕಾಲ ಬಸುರಿ, ಬಾಣಂತಿ, ಹದಿಹರೆಯದ ಹುಡುಗಿಯ ಮೇಲೇ ನಿಂತಿತ್ತು. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಸೊಸೆಯನ್ನು ಕೇಳುತ್ತಾರೆ, ಅತ್ತೆ ಮೂಲೆಯಲ್ಲಿ ಶೇಂಗಾ ಬಿಡಿಸುತ್ತ ಕೂತಿರುತ್ತಾರೆ.

ಇನ್ನು ನೀರಿನ ವಿಷಯ. ಎಲ್ಲ ಡಾಕ್ಟರೂ ಹೇಳುವ ಮೊದಲ ಮಾತು: ಚೆನ್ನಾಗಿ ನೀರು ಕುಡಿಯಿರಿ. ಇದಕ್ಕೆ ಆಧಾರವೂ ಇದೆ. ೨೦೧೮ರಲ್ಲಿ ಪ್ರಕಟವಾದ ಬಲ್ಗೇರಿಯಾದ ಪ್ರಯೋಗವೊಂದರಲ್ಲಿ ಮೇಲಿಂದ ಮೇಲೆ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ೧೪೦ ಹೆಂಗಸರಿದ್ದರು. ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರು ಹೆಚ್ಚು ನೀರು ಕುಡಿಸಿದರು. ವರ್ಷದಲ್ಲಿ ಅವರಿಗೆ ಸರಾಸರಿ ೧.೭ ಸಲ ಸೋಂಕು ಬಂತು, ಉಳಿದವರಿಗೆ ೩.೨ ಸಲ. ಅವರೆಲ್ಲ ಮುಟ್ಟು ನಿಲ್ಲದ ವಯಸ್ಸಿನವರು ಎಂಬುದನ್ನು ಮರೆಯಬಾರದು, ಆದರೂ ಮೂತ್ರಕೋಶವನ್ನು ಆಗಾಗ ತೊಳೆದು ಬಿಡುವ ಸೂತ್ರ ಯಾವ ವಯಸ್ಸಿಗೂ ಒಂದೇ. ಹೃದಯ ಅಥವಾ ಕಿಡ್ನಿಯ ತೊಂದರೆಗೆ ನೀರು ಮಿತಿ ಮಾಡಲು ಹೇಳಿಸಿಕೊಂಡವರು ಮಾತ್ರ ತಮ್ಮ ಡಾಕ್ಟರ ಅಳತೆಯಲ್ಲೇ ಇರಬೇಕು.

ಸಲಹೆ ಸರಿ, ಆದರೆ ಕುಡಿದ ನೀರು ಎಲ್ಲಿಗೆ ಹೋಗಬೇಕು? ಶೇಂಗಾ ಹೊಲದಲ್ಲಿ ಕಳೆ ತೆಗೆಯುವ ಹೆಂಗಸರಿಗೆ ಸುತ್ತ ಮೈಲಿಗಟ್ಟಲೆ ಬಯಲು. ಮರೆಗೆಂದು ಒಂದು ಜಾಲಿಗಿಡ ಸಿಕ್ಕರೆ ಪುಣ್ಯ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ಬಂದಿದೆ. ಆ ಸೀರೆಯ ಹಿಂದೆ ಕಂಡಿಕೆ ಸುತ್ತುವ ಮುದುಕಿಯರಿದ್ದಾರೆ. ಮಗ್ಗ ನಿಲ್ಲಬಾರದೆಂದರೆ ಕಂಡಿಕೆ ತಪ್ಪಬಾರದು, ಒಮ್ಮೆ ಕೂತರೆ ಮೂರ್ನಾಲ್ಕು ಗಂಟೆ ಏಳುವುದಿಲ್ಲ. ೨೦೨೩ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅಜ್ಜಿಯರ ತಿರುಗಾಟ ಹೆಚ್ಚಿದೆ, ಒಳ್ಳೆಯದೇ. ಆದರೆ ಬಸ್ಸು ಹತ್ತುವ ಹಿಂದಿನ ರಾತ್ರಿಯಿಂದಲೇ ಅವರು ನೀರು ನಿಲ್ಲಿಸುತ್ತಾರೆ. ಫಾಲ್ಗುಣದ ಬಿಸಿಲಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ತೇರಿಗೆ ಹೋಗುವ ದಿನವೂ ಹಾಗೆಯೇ. ಬಾಯಾರಿಕೆಯನ್ನು ತಡೆಯುವುದು ಅವರಿಗೆ ಒಂದಕ್ಕೆ ಹೋಗಲು ಜಾಗ ಹುಡುಕುವುದಕ್ಕಿಂತ ಸುಲಭ. ಮನೆಯಲ್ಲಿ ಶೌಚಾಲಯ ಕಟ್ಟಿಸಿದ್ದರೂ ಕಥೆ ಪೂರ್ತಿ ಬದಲಾಗಿಲ್ಲ. ಮಂಡಿನೋವಿನವರಿಗೆ ಕುಕ್ಕರಗಾಲಲ್ಲಿ ಕೂರಲಾಗದು. ಅರ್ಧ ಕೂತು, ಅರ್ಧ ನಿಂತು ಬೇಗ ಮುಗಿಸುತ್ತಾರೆ, ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ. ತಳದಲ್ಲಿ ಉಳಿದ ನೀರು ನಿಂತ ನೀರಿನ ಹಾಗೆ. ಪಾಯಖಾನೆಯ ಗೋಡೆಗೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳು, ನಡುವೆ ರಂಧ್ರವಿರುವ ಒಂದು ಕುರ್ಚಿ: ಮಗ ಮಾಡಿಸಿಕೊಡಬಹುದಾದ ಇಷ್ಟು ಕೆಲಸ ಎಷ್ಟೋ ಮಾತ್ರೆಗಳಿಗೆ ಸಮ.

ಬೋರ್‌ವೆಲ್ಲಿನ ಗಡಸು ನೀರೇ ಇದಕ್ಕೆಲ್ಲ ಕಾರಣ ಎನ್ನುವವರು ಇಲ್ಲಿ ಬಹಳ. ಚಿತ್ರದುರ್ಗ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ನಿಜ, ಹಲ್ಲು-ಮೂಳೆಗೆ ಅದರ ಹಾನಿಯೂ ನಿಜ. ಮೂತ್ರಸೋಂಕು ಮಾತ್ರ ಅದರಿಂದ ಬರುವುದಲ್ಲ. ಎಂಥದೇ ಶುದ್ಧ ನೀರಿನ ಘಟಕದ ಕ್ಯಾನಾದರೂ, ಕುಡಿದದ್ದು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುತ್ತಿದ್ದರೆ ಕಲ್ಲು ಕಟ್ಟುತ್ತದೆ, ಕಲ್ಲಿದ್ದಲ್ಲಿ ಸೋಂಕು ಮತ್ತೆ ಮತ್ತೆ ತಲೆ ಎತ್ತುತ್ತದೆ.

ಪತ್ರಿಕೆಗಳಲ್ಲಿ ಬರುವ ಸಲಹೆಗಳ ಬಗ್ಗೆಯೂ ಒಂದು ಮಾತು. ‘ಹತ್ತಿಯ ಒಳಉಡುಪು ಧರಿಸಿ’ ಎಂದು ಬರೆದಿರುತ್ತಾರೆ. ಹುಟ್ಟಿದಾರಭ್ಯ ಸೀರೆಯ ಕೆಳಗೆ ಒಳಉಡುಪೇ ಹಾಕದ ನಮ್ಮ ಅಜ್ಜಿಯರು ಓದಿಸಿಕೊಂಡು ನಕ್ಕಾರು. ಅವರ ಮಟ್ಟಿಗೆ ನಿಜವಾದ ತೊಂದರೆ, ಕೆಮ್ಮಿದಾಗ ನಗುವಾಗ ಹನಿ ಸೋರುತ್ತದೆಂದು ಮಡಚಿಟ್ಟುಕೊಂಡ ಹಳೆ ಸೀರೆಯ ತುಂಡು ದಿನವಿಡೀ ಒದ್ದೆಯಾಗಿ ಉಳಿಯುವುದು. ಬಟ್ಟೆ ಬದಲಿಸಬೇಕು, ತೊಳೆದು ಬಿಸಿಲಿಗೆ ಹಾಕಬೇಕು. ಮರೆಯಲ್ಲಿ ಒಣಗಿಸಬೇಕಿಲ್ಲ, ಬಿಸಿಲಿಗಂತೂ ಇಲ್ಲಿ ಬರವಿಲ್ಲ. ತೊಳೆದುಕೊಳ್ಳುವಾಗ ಕೈ ಮುಂದಿನಿಂದ ಹಿಂದಕ್ಕೆ ಹೋಗಲಿ ಎನ್ನುತ್ತಾರೆ. ಇದಕ್ಕೆ ಗಟ್ಟಿ ಪುರಾವೆ ಇಲ್ಲ, ಆದರೆ ತರ್ಕವಿದೆ, ಖರ್ಚಿಲ್ಲ. ಸಾಬೂನು, ಆಂಟಿಸೆಪ್ಟಿಕ್ ದ್ರಾವಣ ಹಾಕಿ ಒಳಗೆ ತೊಳೆಯುವುದನ್ನು ಮಾತ್ರ ಖಂಡಿತ ಬಿಡಬೇಕು. ಉಳಿದಿದ್ದ ಹೆಪ್ಪೂ ಅದರಿಂದ ಕೆಡುತ್ತದೆ.

ಬಾರ್ಲಿ ನೀರು, ಜೀರಿಗೆ ನೀರು, ಕಾಮಕಸ್ತೂರಿ ಬೀಜ, ಮಜ್ಜಿಗೆ ಇವನ್ನು ನಾನು ತಳ್ಳಿಹಾಕುವುದಿಲ್ಲ. ಆ ನೆವದಲ್ಲಾದರೂ ಎರಡು ಚೊಂಬು ನೀರು ಹೊಟ್ಟೆಗೆ ಹೋಗುತ್ತದೆ. ಆದರೆ ಅವು ಸೋಂಕನ್ನು ಕೊಲ್ಲುವುದಿಲ್ಲ. ವಿದೇಶದ ಕ್ರ್ಯಾನ್‌ಬೆರಿ ಹಣ್ಣಿನ ರಸಕ್ಕೆ ಸ್ವಲ್ಪ ಗುಣವಿದೆ ಎಂದು ೨೦೨೩ರಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಪರಾಮರ್ಶೆ ಹೇಳಿದೆ. ಸೋಂಕು ಮರುಕಳಿಸುವ ಹೆಂಗಸರಲ್ಲಿ ಸುಮಾರು ಕಾಲುಭಾಗ ಇಳಿಮುಖ. ಚಳ್ಳಕೆರೆಯ ಸಂತೆಯಲ್ಲಿ ಅದು ಸಿಗುವುದಿಲ್ಲ, ಸಿಗದಿದ್ದರೆ ದೊಡ್ಡ ನಷ್ಟವೂ ಇಲ್ಲ.

ನಷ್ಟವಿರುವುದು ಬೇರೊಂದು ಕಡೆ. ಮುಟ್ಟು ನಿಂತ ಹೆಂಗಸರಿಗೆಂದೇ ಇರುವ, ಗಟ್ಟಿ ಪುರಾವೆಯುಳ್ಳ ಒಂದು ಮದ್ದಿನ ಹೆಸರನ್ನೇ ಬಹಳ ಮಂದಿ ಕೇಳಿಲ್ಲ. ೧೯೯೩ರಲ್ಲಿ ಇಸ್ರೇಲಿನ ರಾವುಲ್ ರಾಝ್ ಮತ್ತು ಅಮೆರಿಕದ ವಾಲ್ಟರ್ ಸ್ಟ್ಯಾಮ್ ಎಂಬ ವೈದ್ಯರು ಮೇಲಿಂದ ಮೇಲೆ ಸೋಂಕಾಗುತ್ತಿದ್ದ ೯೩ ಹಿರಿಯ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯೋನಿಯೊಳಗೆ ಹಚ್ಚುವ, ಈಸ್ಟ್ರೋಜೆನ್ನಿನದೇ ಒಂದು ರೂಪವಾದ ಈಸ್ಟ್ರಿಯಾಲ್ ಕ್ರೀಮು, ಇನ್ನೊಂದಕ್ಕೆ ಔಷಧಿಯಿಲ್ಲದ ಬರಿಯ ಕ್ರೀಮು. ಬರಿಯ ಕ್ರೀಮಿನವರಿಗೆ ವರ್ಷಕ್ಕೆ ತಲಾ ೫.೯ ಸಲದ ಲೆಕ್ಕದಲ್ಲಿ ಸೋಂಕು ಬಂತು. ಈಸ್ಟ್ರಿಯಾಲಿನವರಿಗೆ ೦.೫. ಒಂದೇ ತಿಂಗಳಲ್ಲಿ ಆ ಗುಂಪಿನ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಹೋಗಿದ್ದ ಒಳ್ಳೆಯ ಬ್ಯಾಕ್ಟೀರಿಯ ಮರಳಿ ಬಂದಿದ್ದವು. ಹೆಪ್ಪು ಮತ್ತೆ ಹಿಡಿಯಿತು ಎನ್ನೋಣ. ಇಂದು ಅಮೆರಿಕದ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿಯೂ ಈ ವಯಸ್ಸಿನವರಿಗೆ ಇದನ್ನೇ ಶಿಫಾರಸು ಮಾಡುತ್ತದೆ. ಸಾಮಾನ್ಯವಾಗಿ ಮೊದಲ ಎರಡು ವಾರ ಪ್ರತಿರಾತ್ರಿ, ಆಮೇಲೆ ವಾರಕ್ಕೆರಡು ಸಲ ಹಚ್ಚಬೇಕು. ಗುಣ ಪೂರ್ತಿ ತೋರಲು ಎರಡು-ಮೂರು ತಿಂಗಳು ತಾಳ್ಮೆ ಬೇಕು. ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೂ ಸ್ತನ ಕ್ಯಾನ್ಸರ್ ಆಗಿದ್ದವರು, ಮುಟ್ಟು ನಿಂತ ಮೇಲೆ ರಕ್ತ ಕಂಡವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಇದು ಯಾವ ಭಾರಿ ಆಸ್ಪತ್ರೆಯ ಚಿಕಿತ್ಸೆಯೂ ಅಲ್ಲ, ತಾಲ್ಲೂಕು ಆಸ್ಪತ್ರೆಯ ಸ್ತ್ರೀರೋಗ ತಜ್ಞರು ಬರೆದುಕೊಡಬಹುದಾದ ಒಂದು ಟ್ಯೂಬು. ಅಡ್ಡ ನಿಂತಿರುವುದು ಎರಡೇ: ಡಾಕ್ಟರು ವಯಸ್ಸಾದವಳಿಗೆ ಇದೇಕೆ ಎಂದುಕೊಳ್ಳುವುದು, ಅವ್ವ ಅಲ್ಲಿಗೆ ಹಚ್ಚುವುದೆಂದರೆ ಹೇಗವ್ವ ಎಂದು ನಾಚುವುದು.

ಕಾರಣ ಹುಡುಕುವಾಗ ನೋಡಬೇಕಾದ್ದು ಇನ್ನೂ ಕೆಲವಿವೆ. ಐದಾರು ಹೆರಿಗೆ, ತಲೆಹೊರೆಯ ದುಡಿಮೆ ಕಂಡ ಮೈಯಲ್ಲಿ ಗರ್ಭಕೋಶ ಜಾರುವುದು ಅಪರೂಪವಲ್ಲ. ಅದರ ಜೊತೆ ಮೂತ್ರಕೋಶವೂ ಜೋತು ಬೀಳುತ್ತದೆ, ಪೂರ್ತಿ ಖಾಲಿಯಾಗುವುದಿಲ್ಲ. ಅದಕ್ಕೆ ಒಳಗಿಡುವ ಉಂಗುರ ಇದೆ, ಆಪರೇಷನ್ ಇದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೆ ಸೋಂಕಿಗೆ ಆಹ್ವಾನ. ೨೦೨೦ರಲ್ಲಿ ಪೇಟೆಂಟ್ ಮುಗಿದು ಅಗ್ಗವಾದ ಡಪಾಗ್ಲಿಫ್ಲೋಜಿನ್ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಒಳ್ಳೆಯ ಮಾತ್ರೆಯೇ, ಆದರೆ ಕೆಲವರಿಗೆ ಅದರಿಂದ ಬೂಷ್ಟಿನ ಸೋಂಕಾಗಿ ತುರಿಕೆ, ಉರಿ ಬರುತ್ತದೆ. ಅದನ್ನು ಮೂತ್ರಸೋಂಕೆಂದು ಆಂಟಿಬಯಾಟಿಕ್ ನುಂಗಿದರೆ ತುರಿಕೆ ಹೆಚ್ಚುತ್ತದೆ. ಮಲಬದ್ಧತೆಯೂ ಒಂದು ಕಾರಣ ಎಂದರೆ ಯಾರೂ ನಂಬುವುದಿಲ್ಲ, ಆದರೆ ತುಂಬಿದ ಕರುಳು ಮೂತ್ರಕೋಶವನ್ನು ಒತ್ತುವುದು ನಿಜ.

ಈಗ ಆ ನಾಲ್ಕು ಮಾತ್ರೆಗಳಿಗೆ ಮರಳೋಣ. ನಾರ್‌ಫ್ಲಾಕ್ಸಸಿನ್, ಸಿಪ್ರೊಫ್ಲಾಕ್ಸಸಿನ್, ಸೆಫಿಕ್ಸಿಮ್ ಇವು ಕೌಂಟರಿನ ಮೇಲೆ ಹೆಚ್ಚು ಓಡಾಡುವ ಹೆಸರುಗಳು. ಸೆಫಿಕ್ಸಿಮ್‌ನಂಥವನ್ನು ೨೦೧೪ರಿಂದ ಶೆಡ್ಯೂಲ್ ಎಚ್‌೧ ಪಟ್ಟಿಗೆ ಸೇರಿಸಿದ್ದಾರೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಹಾಗಿದೆ. ನಮ್ಮ ದೇಶದ ಇ. ಕೋಲೈಗಳಲ್ಲಿ ಈ ಮೂರೂ ಔಷಧಿಗೆ ಬಗ್ಗದವು ಬಹಳವಾಗಿವೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ ವರದಿಗಳು ವರ್ಷವರ್ಷವೂ ಹೇಳುತ್ತಿವೆ. ಸಿಪ್ರೊ ಜಾತಿಯ ಮಾತ್ರೆಗಳಿಂದ ಅರವತ್ತು ದಾಟಿದವರ ಹಿಮ್ಮಡಿಯ ಸ್ನಾಯುರಜ್ಜು ಹರಿಯುವ ಅಪಾಯವೂ ಇದೆ. ಬದಲಿಗೆ ನೈಟ್ರೋಫ್ಯೂರಾಂಟಾಯಿನ್, ಫಾಸ್ಫೊಮೈಸಿನ್‌ನಂಥ ಹಳೆಯ ಔಷಧಿಗಳು ಮೂತ್ರಕೋಶದ ಸೋಂಕಿಗೆ ಇಂದಿಗೂ ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಕಿಡ್ನಿ ಸೊರಗಿದವರಿಗೆ ಮೊದಲನೆಯದು ಸಲ್ಲದು. ಯಾವುದು ಯಾರಿಗೆ ಎಂಬುದನ್ನು ಹೇಳುವುದು ಮೂತ್ರದ ಕಲ್ಚರ್ ಪರೀಕ್ಷೆ, ಡಾಕ್ಟರು. ಅಂಗಡಿಯ ಕತ್ತರಿ ಅಲ್ಲ.

ಕಲ್ಚರ್ ಅಂದರೆ ಮೂತ್ರದಲ್ಲಿರುವ ಜೀವಿಯನ್ನು ಬೆಳೆಸಿ, ಯಾವ ಔಷಧಿಗೆ ಸಾಯುತ್ತದೆಂದು ನೋಡುವುದು. ಎರಡು-ಮೂರು ದಿನ ಬೇಕು. ಮರುಕಳಿಸುವವರಿಗೆ ಮೊದಲ ಮಾತ್ರೆ ನುಂಗುವುದಕ್ಕೂ ಮುಂಚೆ ಇದಾಗಬೇಕು. ಮೊದಲ ಧಾರೆ ಬಿಟ್ಟು, ನಡುವಿನ ಧಾರೆಯನ್ನು ಲ್ಯಾಬಿನವರು ಕೊಟ್ಟ ಡಬ್ಬಿಗೆ ನೇರವಾಗಿ ಹಿಡಿಯಬೇಕು. ಚೊಂಬಿನಲ್ಲಿ ಹಿಡಿದು ಸುರಿಯುವಂತಿಲ್ಲ. ಹಳ್ಳಿಯಲ್ಲಿ ಬೆಳಗ್ಗೆ ಹಿಡಿದು, ಚೀಲದಲ್ಲಿಟ್ಟುಕೊಂಡು, ಬಸ್ಸಿನಲ್ಲಿ ಚಿತ್ರದುರ್ಗಕ್ಕೋ ಬಳ್ಳಾರಿಗೋ ಮಧ್ಯಾಹ್ನ ಮುಟ್ಟಿಸಿದರೆ ಅದು ಕೆಲಸಕ್ಕೆ ಬಾರದು. ಅನುಕೂಲ ಸಿಕ್ಕರೆ ಇ. ಕೋಲೈ ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುತ್ತದೆ, ಬೇಸಿಗೆಯ ಬಸ್ಸಿಗಿಂತ ಒಳ್ಳೆಯ ಅನುಕೂಲ ಅದಕ್ಕೆ ಇನ್ನೆಲ್ಲಿ? ಲ್ಯಾಬಿನಲ್ಲೇ ಹಿಡಿದುಕೊಡುವುದು ಲೇಸು. ಎರಡು ಗಂಟೆಯೊಳಗೆ ತಲುಪಬೇಕು, ಇಲ್ಲವೇ ಫ್ರಿಜ್ಜಿನ ತಂಪಿನಲ್ಲಿರಬೇಕು.

ಇದರ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ವಯಸ್ಸಾದ ಎಷ್ಟೋ ಹೆಂಗಸರ ಮೂತ್ರದಲ್ಲಿ ಬ್ಯಾಕ್ಟೀರಿಯ ಇರುತ್ತವೆ, ಆದರೆ ಉರಿ ಇಲ್ಲ, ನೋವಿಲ್ಲ, ಜ್ವರವಿಲ್ಲ. ಅದಕ್ಕೆ ಔಷಧಿ ಬೇಡ. ಬಿಪಿ-ಶುಗರ್ ತಪಾಸಣೆಗೆ ಹೋದಾಗ ಮಾಡಿಸಿದ ಮೂತ್ರದ ವರದಿಯಲ್ಲಿ ‘ಪಸ್ ಸೆಲ್ಸ್’ ಎಂದು ಬರೆದದ್ದನ್ನು ನೋಡಿ ಗಾಬರಿಯಾಗುವುದು, ವಾಸನೆ ಬಂತೆಂದು ಆಂಟಿಬಯಾಟಿಕ್ ನುಂಗುವುದು, ಎರಡೂ ಕೇಡು. ಚಿಕಿತ್ಸೆ ವರದಿಯ ಕಾಗದಕ್ಕಲ್ಲ, ತೊಂದರೆಪಡುತ್ತಿರುವ ಹೆಂಗಸಿಗೆ.

ಚಳಿಜ್ವರ, ಪಕ್ಕೆಯಲ್ಲಿ ನೋವು, ವಾಂತಿ, ಮೂತ್ರದಲ್ಲಿ ರಕ್ತ ಕಂಡರೆ, ಇಲ್ಲವೇ ನಿನ್ನೆಯವರೆಗೆ ಸರಿಯಿದ್ದವರು ಇದ್ದಕ್ಕಿದ್ದಂತೆ ಮಂಕಾಗಿ ಅಸಂಬದ್ಧ ಮಾತಾಡತೊಡಗಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು, ಬೆಳಗಾಗಲಿ ಎಂದು ಕಾಯಬಾರದು. ಸೋಂಕು ಕಿಡ್ನಿಗೆ, ರಕ್ತಕ್ಕೆ ಏರಿರಬಹುದು.

ಅಷ್ಟು ದೂರ ಹೋಗುವ ಮುನ್ನ ಮಾಡಬಹುದಾದ ಒಂದು ಕೆಲಸ ಸೊಸೆಗೂ ಮಗಳಿಗೂ ಸಾಧ್ಯ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ, ಗ್ಯಾಸಿನ ಲೆಕ್ಕ ಬರೆಯುತ್ತೀರಲ್ಲ, ಅವ್ವನಿಗೆ ಉರಿ ಬಂದ ದಿನಕ್ಕೂ ಒಂದು ಗುರುತು ಹಾಕಿ. ಡಾಕ್ಟರ ಮುಂದೆ ಹೋಗುವಾಗ ಆ ಹಾಳೆ ಮತ್ತು ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್ಪು ಜೊತೆಗಿರಲಿ. ಈ ಸಲ ಅವರು “ಉಷ್ಣ ಆಗೈತೆ” ಅಂದರೆ, ಎಳನೀರು ತರಲು ಹೊರಡುವ ಮೊದಲು ಪಕ್ಕದಲ್ಲಿ ಕೂತು ಕೇಳಿ: “ಈ ವರ್ಷ ಎಷ್ಟನೇ ಸಲ ಅವ್ವ ಇದು?”